ಕೈಯಲ್ಲುಳಿದ ವೀಳ್ಯದೆಲೆ

ಆ ದಿನ ಬೆಳಿಗ್ಗೆ ಗಾಳಿ ಆಡುತ್ತಿರಲಿಲ್ಲ. ರಾತ್ರಿ ಸುರಿದು ಬಿಟ್ಟ ಮಳೆಯ ಹನಿ ಬಸ್ರೂರಿನ ಹೊಳೆಬದಿಯ ತೆಂಗಿನ ಗರಿಗಳಲ್ಲಿ ಹಾಗೆಯೇ ನಿಂತಿತ್ತು. ನೀರಿನ ಮೇಲಿನ ಮಂಜು ಆಚೆ ದಡವನ್ನು ಅರ್ಧ ಮುಚ್ಚಿ ಅರ್ಧ ಬಿಟ್ಟಿತ್ತು. ಜಲಜ ಮೀನಿನ ಬುಟ್ಟಿಯನ್ನು ದೈವದ ಗುಡಿಯಿಂದ ದೂರಕ್ಕೆ ಇಳಿಸಿ, ಹೊಳೆಯಲ್ಲಿ ಕೈಕಾಲು ತೊಳೆದು ಬಂದಳು. ಸೆರಗಿನಲ್ಲಿ ಒಂದು ತೆಂಗಿನಕಾಯಿ, ಐದಾರು ವೀಳ್ಯದೆಲೆ.

ಗುಡಿ ನೋಡಿಕೊಳ್ಳುವ ಸೂರ ಅಂಗಳ ಗುಡಿಸುತ್ತಿದ್ದವನು ತಲೆಯೆತ್ತಿದ.

"ಹ್ವಾಯ್ ಜಲಜಕ್ಕ, ಇಷ್ಟ್ ಬೇಗ ಎಂತ? ದೈವಕ್ಕೆ ಬಂಗಡೆ ಮಾರುಕೆ ಬಂದದ್ದಾ?"

"ತಮಾಷಿ ಬ್ಯಾಡ ಸೂರಣ್ಣ. ಹುಯ್ಲು ಕೊಡುಕೆ ಬಂದದ್ದ್."

ಸೂರ ಹಿಡಿಸೂಡಿ ಕೆಳಗಿಟ್ಟ. ಅನ್ಯಾಯವಾದವರು ದೈವದ ಮುಂದೆ ಇಡುವ ದೂರಿಗೆ ಅಲ್ಲಿ ಹುಯ್ಲು ಎನ್ನುತ್ತಾರೆ. ಅದು ಬಾಯಿಮಾತಿಗೆ ಕೊಡುವಂಥದ್ದಲ್ಲ.

"ಯಾರ್ ಮೇಲೆ?"

"ನನ್ನ ಸೊಸಿ ಮೇಲೆ. ಹೊಟ್ಟಿಯಂಗಿದ್ದ ಮಗೂನ ತೆಗ್ಸಿ ಬಂದಳ್ ದಿವ್ಯಾ. ನನ್ನ ಒಂದ್ ಮಾತ್ ಕೇಳ್ಲಿಲ್ಲೆ."

ಹತ್ತು ದಿನದ ಹಿಂದಿನ ಮಾತು. ಸುದ್ದಿ ತಿಳಿದ ಸಂಜೆ ಮನೆಯಲ್ಲಿ ದೊಡ್ಡ ಜಗಳವಾಗಿ, ದಿವ್ಯಾ ಚಿಕ್ಕ ಮಗಳನ್ನು ಎತ್ತಿಕೊಂಡು ತಲ್ಲೂರಿನ ತಾಯಿಮನೆಗೆ ಹೋಗಿದ್ದಳು. ದೊಡ್ಡವಳು ತೃಷಾ ಶಾಲೆ ಇದೆಯೆಂದು ಅಜ್ಜಿಯ ಹತ್ತಿರವೇ ಉಳಿದಳು. ದಿವ್ಯಾಳ ಆಸ್ಪತ್ರೆಯ ಫೈಲನ್ನು ಸಾಕ್ಷಿಗೆ ಬೇಕೆಂದು ಜಲಜ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಅದನ್ನು ಹಿಡಿದು ಪೊಲೀಸ್ ಠಾಣೆಗೂ ಹೋಗಿಬಂದಳು. ಅಲ್ಲಿಯವರು ಪೂರ್ತಿ ಓದಿ, ಎಂಟು ವಾರದ ಗರ್ಭ, ತಾಯಿಯ ಜೀವಕ್ಕೆ ಅಪಾಯವಿತ್ತು, ಅವಳೇ ಸಹಿ ಹಾಕಿದ್ದಾಳೆ, ಇದು ಅಪರಾಧವಲ್ಲ ಎಂದು ಫೈಲು ಹಿಂದೆ ಕೊಟ್ಟಿದ್ದರು.

"ಹಾಂಗಾರೆ ಕಾನೂನ್ ಮಾಡಿ ಅಂದೆ. ಅದ್ ದಿಲ್ಲಿಯಂಗೆ ಮಾಡುದ್ ಅಮ್ಮ ಅಂದ್ರ್. ದಿಲ್ಲಿಗೆ ಬಸ್ರೂರಿಂದ ಬಸ್ಸಿತ್ತಾ ಸೂರಣ್ಣ? ಕಾನೂನ್ ಇದ್ದಿದ್ರೆ ಅವ್ಳ್ ಇವತ್ತ್ ಜೈಲಂಗೆ ಇರ್ತಿದ್ಲ್. ಸರ್ಕಾರಕ್ಕೆ ಇಲ್ದಿದ್ದ್ ಕಾನೂನ್ ದೈವಕ್ಕಾರೂ ಇತ್ತಲೆ?"

"ಇತ್ತ್. ಅದ್ರ ಕ್ರಮ ಗೊತ್ತಿತ್ತಲೆ ನಿಮ್ಗೆ?"

ಜಲಜಳಿಗೆ ಗೊತ್ತಿತ್ತು. ತಪ್ಪಿನಲ್ಲಿ ಕೈಯಿದ್ದ ಒಬ್ಬೊಬ್ಬರ ಹೆಸರಿಗೂ ಗುಡಿಯ ಮುಂದಿನ ಕಲ್ಲಿನ ಮೇಲೆ ಒಂದೊಂದು ಎಲೆ. ಹೆಸರು ಬಾಯಿಬಿಟ್ಟು ಹೇಳಬೇಕು. ಶಿಕ್ಷೆ ಎಲ್ಲರಿಗೂ ಒಂದೇ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಇಲ್ಲ. ಗೊತ್ತಿದ್ದ ಹೆಸರನ್ನು ಮುಚ್ಚಿಟ್ಟರೆ ಹುಯ್ಲು ಕೊಟ್ಟವರಿಗೇ ತಿರುಗುತ್ತದೆ.

"ಶಿಕ್ಷೆ ಎಂತ ಬೇಡ್ತ್ರಿ?"

"ನನ್ನ ಮನಿ ಹೊಸ್ತಿಲ್ ತುಳೂಕಾಗ. ಆ ಎರಡ್ ಹೆಣ್ಣ್ ಮಕ್ಕಳ ಮುಖ ಕಾಂಬುಕಾಗ."

ಸೂರ ಕಲ್ಲಿನ ಮೇಲೆ ನೀರು ಚಿಮುಕಿಸಿದ. ಜಲಜ ಮೊದಲ ಎಲೆ ಇಟ್ಟಳು. "ದಿವ್ಯಾ." ಎರಡನೆಯದು, "ತೆಗ್ದ ಡಾಕ್ಟ್ರಮ್ಮ."

"ಆಸ್ಪತ್ರಿ ದಾರಿ ತೋರ್ಸಿದ್ದ್ ಯಾರ್?"

"ಆಶಾ ಕಾರ್ಯಕರ್ತೆ ಶ್ರೀಲತಾ." ಮೂರನೆಯ ಎಲೆ ಇಡುವಾಗ ಕೈ ಸ್ವಲ್ಪ ತಡೆಯಿತು. ಹೋದ ವರ್ಷ ತಾನು ಜ್ವರದಲ್ಲಿ ಮಲಗಿದ್ದಾಗ ದಿನಾ ಬಂದು ಮಾತ್ರೆ ನುಂಗಿಸಿ ಹೋದವಳು ಅವಳೇ.

"ಕರ್ಕಂಡ್ ಹೋದದ್ದ್ ರಿಕ್ಷದಂಗಾ?"

"ಬೈಕಂಗೆ." ಜಲಜ ಹೊಳೆಯ ಕಡೆ ನೋಡಿದಳು. "ಮನೀಷ. ನನ್ನ ಮಗ. ಅವ ಬರೀ ಕರ್ಕಂಡ್ ಹೋದದ್ದ್ ಸೂರಣ್ಣ."

"ಶ್ರೀಲತಾನೂ ಬರೀ ದಾರಿ ತೋರ್ಸಿದ್ದ್."

ನಾಲ್ಕನೆಯ ಎಲೆ ಮಗುಚಿ ಬಿತ್ತು. ಸೂರ ಅದನ್ನು ಸರಿಮಾಡಲಿಲ್ಲ. ಹೊಸ್ತಿಲು ತುಳಿಯಬಾರದ ನಾಲ್ವರು ಕಲ್ಲಿನ ಮೇಲೆ ಸಾಲಾಗಿದ್ದರು. ಮಂಜು ಕರಗುತ್ತ ಆಚೆ ದಡದ ದೋಣಿಯೊಂದು ಕಾಣತೊಡಗಿತು.

"ತೆಗೀಕ್ ಅಂತ ಡಾಕ್ಟ್ರ್ ಹೇಳಿದ್ದ್ ಯಾಕೆ?" ಎಂದು ಸೂರ ಕೇಳಿದ. ದನಿಯಲ್ಲಿ ತೀರ್ಪು ಇರಲಿಲ್ಲ. ಕ್ರಮದ ಪ್ರಶ್ನೆ, ಅಷ್ಟೆ.

"ಎರಡ್ನೇ ಹೆರಿಗಿಯಂಗೆ ಹೊಟ್ಟಿ ಕೊಯ್ದ್, ಗರ್ಭಕೋಶ ಹರ್ದಿತ್ತ್ ಅಂಬ್ರ್. ಇನ್ನೊಂದ್ ಬಸ್ರ್ ತಡೂದಿಲ್ಲೆ ಅಂಬ್ರ್."

"ಅದ್ನ ಆಗ್ಳೇ ಯಾರೂ ಹೇಳ್ಲಿಲ್ಯಾ?"

ಜಲಜಳ ಕೈಯಲ್ಲಿ ಐದನೆಯ ಎಲೆ ಇತ್ತು.

ಹೇಳಿದ್ದರು. ಎರಡು ವರ್ಷದ ಹಿಂದೆ, ಮನೀಷ ಬೋಟಿನಲ್ಲಿ ಕಡಲಿಗೆ ಹೋಗಿದ್ದ. ದಿವ್ಯಾಳಿಗೆ ಇನ್ನೂ ಸರಿಯಾಗಿ ಎಚ್ಚರವಾಗಿರಲಿಲ್ಲ. ನರ್ಸು ಒಂದು ಚೀಟಿಯನ್ನು ಜಲಜಳ ಕೈಗೆ ಕೊಟ್ಟು, ಇನ್ನು ಬಸಿರಾಗಬಾರದು, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಬೇಕು, ದಿನ ಇದರಲ್ಲಿ ಬರೆದಿದೆ, ಮಗ ಸೊಸೆಗೆ ತಪ್ಪದೆ ಹೇಳಿ ಎಂದಿದ್ದಳು. ತೊಟ್ಟಿಲಲ್ಲಿ ಎರಡನೆಯದೂ ಹೆಣ್ಣು. ಮನೆಗೊಂದು ಗಂಡು ಬೇಡವೇ ಎಂದುಕೊಂಡ ಜಲಜ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ಡಾಕ್ಟರು ಏನು ಹೇಳಿದರು ಎಂದು ದಿವ್ಯಾ ಕೇಳಿದಾಗ, "ಎಂತ ಇಲ್ಲೆ, ಚೆನ್ನಾಗಿ ಉಣ್ಕ್ ಅಂದ್ರ್" ಎಂದಿದ್ದಳು. ದಿನವೂ ಅದೇ ಪಟದ ಮುಂದೆ ದೀಪ ಹಚ್ಚುತ್ತ ಬಂದಿದ್ದಳು.

"ಸೂರಣ್ಣ, ಇನ್ನೊಂದ್ ಹೆಸರಿತ್ತ್."

"ಇದ್ರೆ ಇಡಿ."

ಅವಳು ಎಲೆ ಇಡಲಿಲ್ಲ. ತೃಷಾಳ ಮುಖ ಕಣ್ಣ ಮುಂದೆ ಬಂತು. ಜಡೆ ಹಾಕಿಸಿಕೊಳ್ಳಲು ಕೂತು ಪ್ರತಿದಿನ ಹಿಂದೆ ತಿರುಗಿ, "ಅಮ್ಮ ಯಾವಾಗ ಬಪ್ಪುದ್?" ಎಂದು ಕೇಳುವ ಮುಖ. ಆಮೇಲೆ ಜಲಜ ಬಾಗಿ ನಾಲ್ಕೂ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಹೊಳೆಗೆ ಬಿಟ್ಟಳು. ಐದನೆಯದನ್ನು ಬಿಡಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕಾಯಿ?" ಎಂದ ಸೂರ.

"ಹುಯ್ಲು ಬ್ಯಾಡ. ಕಾಯಿ ದೈವಕ್ಕೇ ಇರ್ಲಿ. ನಾನ್ ಹೋತೆ. ಒಂದ್ ಕಡಿ ಹೋಪದಿತ್ತ್."

ಮಧ್ಯಾಹ್ನದೊಳಗೆ ಅವಳು ತಲ್ಲೂರಿನಲ್ಲಿದ್ದಳು. ದಿವ್ಯಾಳ ತಾಯಿ ಸುಂದರಿ ಬಾಗಿಲಲ್ಲೇ ಎದುರಾದಳು.

"ಒಬ್ರೇ ಬಂದದ್ದಾ? ಪೊಲೀಸ್ರ್ ಹಿಂದೆ ಬತ್ತ್ರಾ?"

ಜಗಲಿಯಲ್ಲಿ ದಿವ್ಯಾ ಬಿಳುಚಿಕೊಂಡು ಕೂತಿದ್ದಳು, ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಮರುದಿನ ಮತ್ತೆ ತಪಾಸಣೆಗೆ ಹೋಗಬೇಕಿತ್ತು, ಫೈಲಿರಲಿಲ್ಲ.

"ಒಳ್ಗೆ ಬನ್ನಿ ಅತ್ತೆ," ಎಂದಳು ದಿವ್ಯಾ, ನೆಲ ನೋಡುತ್ತ.

ಜಲಜ ಹೊಸ್ತಿಲು ತುಳಿಯಲಿಲ್ಲ, ಜಗಲಿಯನ್ನೂ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಫೈಲನ್ನು ಮುಂದೆ ಚಾಚಿದಳು. ಅದರ ಮೇಲೆ ನಾಲ್ಕು ಮಡಿಕೆಯ, ದೀಪದ ಹೊಗೆಗೆ ಅಂಚು ಕಪ್ಪಾದ ಚೀಟಿ ಇತ್ತು. ದಿವ್ಯಾ ಬಿಚ್ಚಿ ಓದಿದಳು. ತಾರೀಕು ನೋಡಿದಳು. ಇನ್ನೊಮ್ಮೆ ನೋಡಿದಳು.

"ಅತ್ತೆ, ಇದ್..."

"ಅದ್ ನಿಂದೇ," ಎಂದಳು ಜಲಜ. "ಆವತ್ತೇ ಕೊಡ್ಕಿತ್ತ್."