ಹಿತ್ತಲಿಗೆ ಬಿದ್ದ ಸೈಲೆನ್ಸರ್‌ನ ಸೇಡು

ಕಾಯಿಸಿ, ಬಗ್ಗಿಸಿ, ಬೆಸುಗೆ ಹಾಕಿ ನನ್ನನ್ನು ಹುಟ್ಟಿಸಿದವರು ಹೇಳಿದ್ದು ಒಂದೇ ಕೆಲಸ: ಇಂಜಿನ್ನಿನ ಅಬ್ಬರವನ್ನೆಲ್ಲ ನುಂಗಬೇಕು, ಹೊರಗೆ ಬಿಡಬಾರದು. ನಾನು ಪಿಕಪ್ ಗಾಡಿಯ ಸೈಲೆನ್ಸರ್. ನುಂಗುವುದು ನನ್ನ ಹುಟ್ಟುಗುಣ. ಆದರೆ ನುಂಗಿದ ಸಿಟ್ಟು ಒಳಗೇ ಉಳಿಯುತ್ತದೆ ಎಂಬುದು ಗಾಡಿಯ ಎರಡನೇ ಯಜಮಾನ ಕೊಟ್ರೇಶನಿಗೆ ತಿಳಿದಿರಲಿಲ್ಲ.

ಕೊಟ್ರೇಶನಿಗಿಂತ ಮೊದಲು ನಮ್ಮ ಯಜಮಾನ ಹರಿಹರದ ಮೈಲಾರಪ್ಪ. ಕೋಳಿ ಸಾಕುವ ಶೆಡ್ಡುಗಳಿಗೆ ಮರಿ, ಮೇವು ಸಾಗಿಸುತ್ತಿದ್ದ. ಕೋಳಿ ಪುಕ್ಕಲು ಜೀವ. ದೊಡ್ಡ ಸದ್ದಾದರೆ ಎಲ್ಲವೂ ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ನಾವು ಶೆಡ್ಡಿನ ಬಾಗಿಲಲ್ಲೇ ಹೋಗಿ ನಿಂತರೂ ಅವು ಕತ್ತೆತ್ತುತ್ತಿರಲಿಲ್ಲ. "ನನ್ನ ಗಾಡಿ ಬಂದಿದ್ದು ಕೋಳಿಗೂ ಗೊತ್ತಾಗಂಗಿಲ್ಲ" ಎಂದು ಮೈಲಾರಪ್ಪ ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದ. ಆ ಹೊಗಳಿಕೆ ಸಲ್ಲಬೇಕಾದದ್ದು ನನಗೆ.

ಮೊಣಕಾಲು ಸೋತ ಮೇಲೆ ಆತ ಗಾಡಿಯನ್ನು ಕೊಟ್ರೇಶನಿಗೆ ಮಾರಿದ. ಇವನಿಗೋ, ಗಾಡಿ ಬಂದದ್ದು ಊರಿಗೆಲ್ಲ ಗೊತ್ತಾಗಬೇಕು. ವಾರದೊಳಗೆ ಗ್ಯಾರೇಜಿಗೆ ಒಯ್ದ. ಅಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ಇಂಜಿನ್ನಿನ ಟ್ಯೂನಿಂಗ್ ಬದಲಿಸಿದರು. ನನ್ನನ್ನು ಬಿಚ್ಚಿ, ಆ ಜಾಗಕ್ಕೆ ಥಳಥಳ ಹೊಳೆಯುವ ಒಂದು ಕೊಳವೆ ಕೂರಿಸಿದರು. ಒಳಗೆ ಏನೂ ಇಲ್ಲ, ಬರೀ ಪೊಳ್ಳು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಇದು ಬುಡ ಕಾಣುವ ಕೊಡ. ನಾನು ಕೊಟ್ರೇಶನ ಹಿತ್ತಲಿನಲ್ಲಿ ಬಚ್ಚಲ ಪಕ್ಕಕ್ಕೆ ಬಿದ್ದೆ.

ವರ್ಷಕ್ಕೊಮ್ಮೆ ಸರ್ಕಾರದವರು ಗಾಡಿ ತಪಾಸಣೆ ಮಾಡಿ ಎಫ್‌ಸಿ ಕಾಗದ ಕೊಡುವಾಗ ಮಾತ್ರ ನನ್ನ ನೆನಪಾಗುತ್ತಿತ್ತು. ಮೆಕ್ಯಾನಿಕ್ ನನ್ನನ್ನು ಕೊಡವಿ, ತೊಳೆದು, ಒಂದು ದಿನದ ಮಟ್ಟಿಗೆ ಗಾಡಿಗೆ ಕಟ್ಟುತ್ತಿದ್ದ. ಕಾಗದಕ್ಕೆ ಸೀಲು ಬಿದ್ದ ಸಂಜೆಯೇ ಮತ್ತೆ ಬಚ್ಚಲ ಪಕ್ಕ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ತುಕ್ಕು ಹಿಡಿಯುತ್ತಾ ನಾನು ಹಲ್ಲು ಕಡಿಯುತ್ತಿದ್ದೆ. ತೀರಿಸಿಕೊಳ್ಳದೆ ಸಾಯುವುದಿಲ್ಲ ಎಂದು ಆಣೆ ಇಟ್ಟಿದ್ದೆ.

ಮುಂದಿನದು ನನಗೆ ಅವರಿವರ ಮಾತಿನಿಂದ ತಿಳಿದದ್ದು. ಒಂದು ಮಧ್ಯಾಹ್ನ ಕೊಟ್ರೇಶ ಹಾಲಮ್ಮನ ಶೆಡ್ಡಿಗೆ ಮೇವು ಇಳಿಸಿ, ಹೊರಡುವ ಗತ್ತಿನಲ್ಲಿ ಆಕ್ಸಿಲರೇಟರ್ ಒತ್ತಿ ಒತ್ತಿ ಗುಡುಗಿಸಿದ. ಆರುನೂರು ಕೋಳಿ ಮೂಲೆಯಲ್ಲಿ ರಾಶಿ ಬಿದ್ದು ಸತ್ತವು. ಹಾಲಮ್ಮ ಒಂಟಿ ಹೆಂಗಸು. ಕೋಳಿ ಕಂಪನಿ ಕೊಟ್ಟ ಮರಿಗಳನ್ನು ಸಾಕಿಕೊಡುವುದೇ ಅವಳ ಬದುಕು. ಕಂಪನಿಯ ಸೂಪರ್‌ವೈಸರ್ ಗಿರಿಧರ ಬಂದು, ನೀನು ನೋಡಿಕೊಳ್ಳಲಿಲ್ಲ, ಸೆಕೆಗೆ ಸತ್ತಿವೆ, ಇನ್ನು ಮರಿ ಕೊಡುವುದಿಲ್ಲ ಎಂದುಬಿಟ್ಟ. ಸದ್ದಿಗೇ ಸತ್ತವೆಂದು ಅವಳು ಹಟ ಹಿಡಿದಳು. ಹಾಗಾದರೆ ಗಾಡಿಯನ್ನೇ ನೋಡೋಣವೆಂದು ಆತ ಅವಳನ್ನು ಕರೆದುಕೊಂಡು ಕೊಟ್ರೇಶನ ಮನೆಗೆ ಹೊರಟ.

ಸುದ್ದಿ ತಿಳಿದ ಕೊಟ್ರೇಶ ಮೆಕ್ಯಾನಿಕ್‌ಗೆ ಕಾಯದೆ ತಾನೇ ಸ್ಪ್ಯಾನರ್ ಹಿಡಿದು ನನ್ನನ್ನು ಕಟ್ಟಿದ. ಕೊಡವಲಿಲ್ಲ, ತೊಳೆಯಲಿಲ್ಲ, ಸ್ಟಾರ್ಟ್ ಮಾಡಿ ನೋಡಲೂ ಪುರುಸೊತ್ತಿರಲಿಲ್ಲ. ನನ್ನ ಬಾಯೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿದ್ದು ಅವನಿಗೆ ಕಾಣಲೇ ಇಲ್ಲ. ನಾನೂ ತೆಪ್ಪಗಿದ್ದೆ.

"ನೋಡ್ರಿ ಸಾರ್, ಗಾಡಿ ಜೋಡಿ ಬಂದ ಸೈಲೆನ್ಸರೇ ಐತಿ. ಎಫ್‌ಸಿ ಕಾಗದಾನೂ ಐತಿ. ಒಂದಿನಾನೂ ಇದನ್ನ ಬಿಚ್ಚಿಲ್ಲ ನಾನು" ಎಂದು ಕೊಟ್ರೇಶ ಕೀಲಿ ತಿರುಗಿಸಿದ.

ಗಿರಿಧರ ಹಿಂದೆ ಬಗ್ಗಿ ನೋಡುತ್ತಿದ್ದ. ನಾನು ಒಮ್ಮೆ ಕೆಮ್ಮಿದೆ. ಮರುಕ್ಷಣ ಗೂಡೆಲ್ಲ ಸಿಡಿದು ಅವನ ಬಿಳಿ ಅಂಗಿಗೆ ರಾಚಿತು. ಬದುಕಿಡೀ ನುಂಗಿದವನು ಅವತ್ತು ಉಗುಳಿದೆ. ಆ ಹಿತ ಹೇಳತೀರದು.

ಹಾಲಮ್ಮ ನೆಲಕ್ಕೆ ಬಿದ್ದ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಮುರಿದಳು. ಒಳಗೆ ಕಣಜದ ಮರಿ ಇತ್ತು.

"ಸಾಹೇಬ್ರ, ದಿನಾ ಓಡೋ ಗಾಡ್ಯಾಗ, ದಿನಾ ಬಿಸಿ ಹೊಗಿ ಉಗುಳೋ ಕೊಳವ್ಯಾಗ, ಕಣಜ ಗೂಡು ಕಟ್ಟಿ ಮರಿ ಮಾಡ್ತೈತೇನ್ರಿ?"

ಕೊಟ್ರೇಶ ಇಂಗು ತಿಂದ ಮಂಗನಂತೆ ನಿಂತ. ಗಿರಿಧರ ಹಿತ್ತಲಿಗೆ ಹೋಗಿ, ಗೋಣಿಚೀಲದಡಿ ಮುಚ್ಚಿಟ್ಟಿದ್ದ ಹೊಳೆಯುವ ಕೊಳವೆಯನ್ನು ಎಳೆದು ತಂದ.

"ತಪ್ಪಾತ್ರಿ. ಸದ್ದಿಗೇ ಸತ್ತಾವು" ಎಂದ ಕೊಟ್ರೇಶ, ತಲೆ ಎತ್ತದೆ.

ನಿನ್ನ ಗಾಡಿ ಇನ್ನು ಕಂಪನಿಗೆ ಬೇಡ ಎಂದು ಗಿರಿಧರ ರೇಗಿದಾಗ ಹಾಲಮ್ಮ ತಡೆದಳು. "ಹಂಗ ಬಿಡಬ್ಯಾಡ್ರಿ ಇವನ್ನ. ನನಗ ಹೊಸಾ ಮರಿ ಕೊಡ್ರಿ, ಇವನೇ ತರ್ಲಿ. ಹಾದಿ ತಿರುವಿನಾಗ ಇಂಜಿನ್ ಬಂದ್ ಮಾಡಿ, ಶೆಡ್ಡಿನ ತನಕ ತಳ್ಕೊಂಡು ತರ್ಲಿ." ಆಮೇಲೆ ನನ್ನತ್ತ ಬೊಟ್ಟು ಮಾಡಿದಳು. "ಈ ಡಬ್ಬಿನೂ ನನಗ ಬೇಕು. ನನ್ನ ಪರ ಸಾಕ್ಷಿ ಹೇಳಿದ್ದು ಇದೊಂದ."

ಹಾಗೆ ನಾನು ಅವಳ ಶೆಡ್ಡಿಗೆ ಬಂದೆ. ಗೇಟು ಗಾಳಿಗೆ ಬಡಿಯದಂತೆ ತಡೆದುಕೊಂಡು ಬಿದ್ದಿದ್ದೇನೆ. ಮೈಯೆಲ್ಲ ತೂತು, ಇನ್ನು ಯಾವ ಗಾಡಿಗೂ ಆಗುವುದಿಲ್ಲ. ವಯಸ್ಸಾದಂತೆ ಕ್ಷಮಾಗುಣ ಬೆಳೆಯುತ್ತದೆಯಂತೆ. ನನಗೆ ಬೆಳೆದಿಲ್ಲ.

ಮರಿ ಬಂದ ದಿನ ಎಲ್ಲವನ್ನೂ ಇಲ್ಲಿಂದಲೇ ನೋಡಿದೆ. ಸುಡುವ ಬಿಸಿಲು. ಕೊಟ್ರೇಶ ಗಾಡಿಯ ಬಾಗಿಲು ತೆರೆದು, ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಹೆಗಲು ಕೊಟ್ಟು ತಳ್ಳುತ್ತಾ ಬಂದ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮರಿಗಳ ಚಿಂವ್ ಚಿಂವ್ ಬಿಟ್ಟರೆ ಬೇರೆ ಸದ್ದಿಲ್ಲ.

ನಡುದಾರಿಯಲ್ಲಿ ನಿಂತು ಏದುಸಿರು ಬಿಡುತ್ತಾ ಕೇಳಿದ, "ಯಕ್ಕಾ, ಇಲ್ಲಿಗೆ ಸಾಕೇನು?"

"ಶೆಡ್ಡು ಅಲ್ಲೈತೇನು? ತಳ್ಳಪ್ಪ, ತಳ್ಳು" ಎಂದಳು ಹಾಲಮ್ಮ.

ಅವಳ ಶೆಡ್ಡು ಇನ್ನೊಂದು ಮೈಲಿ ಒಳಗಿರಬಾರದಿತ್ತೇ ಎಂದು ನನಗೆ ಅನಿಸಿತು.