ಎರಡನೇ ಹಬೆ

ಮರಿಯಂ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ, ಹಬೆಯಲ್ಲೇ ಕೈಯಿಟ್ಟು ಬಾಳೆಲೆಯ ಪೊಟ್ಟಣವನ್ನು ಒತ್ತಿ ನೋಡಿದಳು. ಆಚೆ ಮನೆಯ ಫ್ರಿಜ್ಜಿನಲ್ಲಿ ಕಲ್ಲಾಗಿದ್ದ ಹಲಸಿನ ಹಣ್ಣಿನ ಕಡುಬು ಮೆತ್ತಗಾಗಿತ್ತು. ತಟ್ಟೆಗೆ ಹಾಕಿ, ತುಪ್ಪ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಬೇಲಿಯಾಚೆ ಓಡಿದಳು.

ಆಚೆ ಮನೆಯ ಅಂಗಳದಲ್ಲಿ ಹೆಣವಿತ್ತು. ಅದು ಹೊರಡುವವರೆಗೆ ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ.

ಬಾಳೂರಿನ ಕಾಫಿ ತೋಟವೊಂದರಲ್ಲಿ ಆಳುಗಳ ಹಾಜರಿ-ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದ ನಾಗೇಶಯ್ಯ, ನಿನ್ನೆ ಸಂಜೆ ಹೆಂಡತಿ ವಸಂತಮ್ಮನಿಗೆ ಕಡುಬು ಬಿಸಿಗಿಡಲು ಹೋದವರು ಅಡುಗೆಮನೆಯಲ್ಲೇ ಕುಸಿದಿದ್ದರು. ಈಗ ಚಟ್ಟದ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ವಸಂತಮ್ಮ ಯಾರದೋ ಮನೆಗೆ ನೆಂಟರಾಗಿ ಬಂದವರಂತೆ ಕೂತಿದ್ದರು. ನಿನ್ನೆ ಮಧ್ಯಾಹ್ನದಿಂದ ಅವರ ಬಾಯಿಗೆ ಹನಿ ನೀರೂ ಹೋಗಿರಲಿಲ್ಲ.

"ರೈಟರ್ ಇದ್ದಿದ್ರೆ ಇಷ್ಟೊತ್ತಿಗೆ ಎಲ್ರ ಹಾಜರಿ ಹಾಕಿ, ತಡವಾಗಿ ಬಂದವ್ರಿಗೆ ಅರ್ಧ ದಿನ ಹೊಡೀತಿದ್ರು" ಎಂದ ಹಳೆಯ ಮೇಸ್ತ್ರಿ. ಯಾರೋ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದರು.

ನಾಗೇಶಯ್ಯನವರ ಅಕ್ಕ ರುದ್ರಾಣಿ ಕಡುಬಿನ ಚೂರು ಮುರಿದು ಹಿಡಿದರು. "ಬಾಯಿ ತೆಗಿ ವಸಂತಾ. ನಾನೇನು ವಿಷ ಹಾಕ್ತೀನಾ?"

"ಅವ್ರು ಬರ್ಲಿ."

"ಎಲ್ಲಿಂದ ಬರ್ತಾನೆ? ಅಲ್ನೋಡು, ಮಲಗಿದಾನೆ!"

"ಮಲಗಿದ್ರೆ ಎಬ್ಬಿಸ್ಬೇಡಿ" ಎಂದರು ವಸಂತಮ್ಮ, ದನಿ ತಗ್ಗಿಸಿ.

ಮರಿಯಂ ಮುಖ ತಿರುಗಿಸಿದಳು.

*

ಮರೆವು ಹಿಡಿದ ಮೇಲೆ ವಸಂತಮ್ಮ ಅನ್ನ ಬಿಟ್ಟರು, ಊರಿನ ಹೆಸರು ಬಿಟ್ಟರು, ಮಗನ ಹೆಸರು ಬಿಟ್ಟರು. ನಾಲಿಗೆಗೆ ಉಳಿದದ್ದು ಹಲಸಿನ ಹಣ್ಣಿನ ಕಡುಬೊಂದೇ. ನಾಗೇಶಯ್ಯ ಹಣ್ಣಿನ ಕಾಲದಲ್ಲಿ ತೊಳೆಗಳನ್ನು ಬೆಲ್ಲ ಹಾಕಿ ಕಾಯಿಸಿ ಡಬ್ಬಿ ತುಂಬಿಡುತ್ತಿದ್ದರು. ವಾರಕ್ಕಾಗುವಷ್ಟು ಕಡುಬು ಒಟ್ಟಿಗೆ ಬೇಯಿಸಿ, ಹೊತ್ತುಹೊತ್ತಿಗೆ ಎರಡನೇ ಹಬೆ ಕೊಟ್ಟು ತಿನ್ನಿಸುತ್ತಿದ್ದರು.

ಒಮ್ಮೆ ಬಿಸಿ ಹೆಚ್ಚಾಗಿ ವಸಂತಮ್ಮನ ನಾಲಿಗೆ ಸುಟ್ಟಿತು. ಎಲ್ಲ ಮರೆಯುವವರು ಅದೊಂದನ್ನು ಮರೆಯಲಿಲ್ಲ. ಅಂದಿನಿಂದ ಗಂಡ ಮೊದಲು ಕಚ್ಚಿ ತೋರಿಸಬೇಕು.

"ನೋಡು ಮಾರಾಯ್ತಿ, ಸತ್ತೆನಾ ನಾನು?" ಎನ್ನುತ್ತಿದ್ದರು ನಾಗೇಶಯ್ಯ, ತುಂಬಿದ ಬಾಯಲ್ಲಿ.

"ಇಲ್ಲ."

"ಹಾಗಾದ್ರೆ ತಿನ್ನು."

*

ಬಾಯಿಗೆ ತುಳಸಿ ನೀರು ಬಿಡುವ ಶಾಸ್ತ್ರ ಮುಗಿಯಿತು. ಮಗ ದರ್ಶನ್ ಒದ್ದೆ ಪಂಚೆಯಲ್ಲಿ, ಬೆಂಕಿಯ ಮಡಕೆ ತೂಗುಹಾಕಿದ ಹಗ್ಗ ಹಿಡಿದು ಮುಂದೆ ನಿಂತ. ಕೊಳ್ಳಿಯಿಡುವ ಮಗ ಚಿತೆ ಹೊತ್ತುವವರೆಗೆ ಉಪವಾಸವಿರಬೇಕು.

ವಸಂತಮ್ಮ ಏಳಲು ಹೋಗಿ ತೂರಾಡಿದರು. ಮರಿಯಂ ಹಿಡಿದುಕೊಂಡಳು.

"ದರ್ಶನ್, ಅಪ್ಪ ಕಚ್ಚಿ ತೋರಿಸ್ತಿದ್ರು ಕಣೋ. ನಾನು ಕಚ್ಚಿದ್ರೆ ಒಪ್ತಿಲ್ಲ, ಆಗ್ಲೇ ನೋಡ್ದೆ. ನಿನ್ ಮುಖ ಅವ್ರದ್ದೇ ಅಲ್ವಾ..." ಎಂದಳು.

"ಬುದ್ಧಿ ಇದೆಯಾ ನಿಂಗೆ?" ರುದ್ರಾಣಿ ಅಡ್ಡ ಬಂದರು. "ಇವ್ನು ಉಪವಾಸ ಮುರಿದ್ರೆ ನನ್ ತಮ್ಮಂಗೆ ಗತಿ ಸಿಗುತ್ತಾ?"

"ಅತ್ತೆ, ಅಮ್ಮ ಬದುಕಿದಾಳೆ" ಎಂದ ದರ್ಶನ್. ಹಗ್ಗವನ್ನು ಎಡಗೈಗೆ ದಾಟಿಸಿ, ಬಾಗಿ, ಕಡುಬನ್ನು ಕಚ್ಚಿದ.

"ನೋಡಮ್ಮ. ಸುಡಲ್ಲ."

ವಸಂತಮ್ಮ ಆ ಮುಖವನ್ನು ಬಹಳ ಹೊತ್ತು ನೋಡಿದರು. ಬಿಗಿದ ತುಟಿ ತುಸು ಸಡಿಲವಾಯಿತು.

"ಯಾರಪ್ಪ ನೀನು?" ಎಂದರು ವಸಂತಮ್ಮ. "ಅವ್ರ ಪಾಲು ಯಾಕೆ ತಿಂದೆ?"

ತಟ್ಟೆಯಿಂದ ಕಡುಬು ಕಸಿದುಕೊಂಡು, ಎಲೆ ಮುಚ್ಚಿ, ಮಡಿಲಲ್ಲಿಟ್ಟುಕೊಂಡರು.

ಯಾರೋ "ಗೋವಿಂದಾ" ಎಂದರು. ಚಟ್ಟ ಹೆಗಲೇರಿತು. ಕಾಫಿ ಗಿಡಗಳ ನಡುವಿನ ಜೀಪು ದಾರಿಯಲ್ಲಿ ದರ್ಶನ್ ಎಲ್ಲರಿಗಿಂತ ಮುಂದೆ ನಡೆದ, ಹೊಗೆಯಾಡುವ ಮಡಕೆ ಅವನ ಮೊಣಕಾಲಿಗೆ ತಾಗುತ್ತಿತ್ತು. ಕಚ್ಚಿದ ಕಡುಬಿನಿಂದ ಅವನ ಒಂದು ಕೆನ್ನೆ ಇನ್ನೂ ಉಬ್ಬಿತ್ತು. ದಾರಿಯ ತಿರುವು ದಾಟಿದ ಮೇಲೂ ಅದು ಇಳಿಯಲಿಲ್ಲ.