ಡೆಲ್ಮರನ ಪಿಕಪ್ಪಿಗೆ ಹತ್ತೊಂಬತ್ತು ಚಳಿಗಾಲ

ನನ್ನ ತಂಗಿ ಆರ್ಡಿಸ್‌ಳ ಗಂಡ ವರ್ಲಿನ್ ಹಾಗ್‌ಸ್ಟಾಡ್‌ಗೆ ಒಂದು ಗಟ್ಟಿ ನಂಬಿಕೆಯಿತ್ತು. ಯಾವ ಗಾಡಿ ಕೆಟ್ಟರೂ, ಅದನ್ನು ಕೆಡಿಸಿದವನು ಅದಕ್ಕೆ ಹಿಂದಿನ ಸಲ ಕೈ ಹಾಕಿದವನೇ. ಬಾನೆಟ್ ಎತ್ತಿದ ಕೂಡಲೇ “ಯಾವ ಕತ್ತೆ ಮಾಡಿದ ಕೆಲಸ ಇದು?” ಎನ್ನುವುದು ಅವನ ಮಂಗಳಾಚರಣೆ. ಊರಿನ ಅರ್ಧ ಟ್ರಾಕ್ಟರುಗಳು ಅವನ ಶೆಡ್ಡಿನಲ್ಲೇ ರಿಪೇರಿಯಾಗುತ್ತಿದ್ದುದರಿಂದ ಯಾರೂ ಎದುರಾಡುತ್ತಿರಲಿಲ್ಲ.

ಇವನ ಗೆಳೆಯ ಡೆಲ್ಮರ್ ಟ್ವೆಟನ್ ಮಾತು ಕಡಿಮೆಯ ಮನುಷ್ಯ. ಬಾರ್ಲಿ ಬೆಳೆಯುತ್ತಾನೆ, ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಆಗಸ್ಟ್‌ನಲ್ಲಿ ವರ್ಲಿನನ ಹಸಿರು ಪಿಕಪ್ ಕೊಂಡ. ಆ ಚಳಿಗಾಲದಿಂದ ಆ ಗಾಡಿ ನಾರ್ತ್ ಡಕೋಟಾದ ನಮ್ಮ ಭಾಗಕ್ಕೆಲ್ಲ ತಮಾಷೆಯ ವಸ್ತುವಾಯಿತು. ಹೀಟರು ಎಷ್ಟು ತಿರುಗಿಸಿದರೂ ಅದರಿಂದ ಬರುತ್ತಿದ್ದದ್ದು ಹಸುವಿನ ಉಸಿರಿಗಿಂತ ತಣ್ಣಗಿನ ಗಾಳಿ. ಡೆಲ್ಮರ್ ಚಳಿಗಾಳಿ ತಡೆಯಲೆಂದು ರೇಡಿಯೇಟರಿನ ಮುಂದೆ ರಟ್ಟು ಕಟ್ಟಿದ, ಮಂಡಿಗೆ ಕಂಬಳಿ ಸುತ್ತಿದ, ಗಾಜಿನ ಒಳಮೈಗೆ ಕಟ್ಟಿದ ಹಿಮವನ್ನು ರೊಟ್ಟಿ ಮಗುಚುವ ಸಟ್ಟುಗದಿಂದ ಕೆರೆಯುತ್ತ ಓಡಿಸಿದ.

“ಡೆಲ್ಮರ್ ಚರ್ಚಿಗೆ ಬರೋದು ದೇವರಿಗೋಸ್ಕರ ಅಲ್ಲ ಕಣ್ರೋ, ಮೈ ಬೆಚ್ಚಗೆ ಮಾಡ್ಕೊಳ್ಳೋಕೆ!” ಎಂದು ಕೆಫೆಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ವರ್ಲಿನ್. ಡೆಲ್ಮರ್ ಕಾಫಿ ಲೋಟದೊಳಕ್ಕೆ ನೋಡುತ್ತ, “ಏನ್ ಮಾಡೋದು, ಗಾಡಿ ಇರೋದೇ ಹಾಗೆ” ಎನ್ನುತ್ತಿದ್ದ.

ಹೋದ ಜನವರಿಯಲ್ಲಿ ಕಣ್ಣಿನ ಡಾಕ್ಟರು ಡೆಲ್ಮರನಿಗೆ ಇನ್ನು ಗಾಡಿ ಓಡಿಸಬೇಡ ಎಂದರು. ಪಿಕಪ್ ಮಾರಾಟಕ್ಕಿದೆ ಎಂಬ ಚೀಟಿಯನ್ನು ಅವನು ಕೆಫೆಯ ಗೋಡೆಗೆ ಅಂಟಿಸಿದ. ಚೀಟಿಯ ಅಂಟು ಒಣಗುವ ಮುಂಚೆ ವರ್ಲಿನ್ ಅದನ್ನು ಕಿತ್ತು ಜೇಬಿಗಿಟ್ಟುಕೊಂಡ. ಅವನ ಹಿರಿಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದೇ ಗಾಡಿಯಲ್ಲಿ. ಅವನಿಗೆ ಅದರ ಮೇಲೆ ಪ್ರೀತಿ. ಅದನ್ನು ತಾನೇ ಕೊಂಡು, ಡೆಲ್ಮರನ ಮನೆಯಿಂದ ತನ್ನ ಮನೆಗೆ ಹನ್ನೊಂದು ಮೈಲಿ ಓಡಿಸಿಕೊಂಡು ಬಂದು ಇಳಿದಾಗ ಅವನ ಮೀಸೆ ಬೆಳ್ಳಗಾಗಿತ್ತು. ಬೆರಳುಗಳು ಕೀಲಿಕೈಯನ್ನು ಬಿಡಲು ಒಪ್ಪಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನನ್ನು ಶೆಡ್ಡಿಗೆ ಕರೆದ.

“ನೋಡು ಗೇಲನ್, ಹತ್ತೊಂಬತ್ತು ವರ್ಷ ಒಬ್ಬ ಗಂಡಸು ಹೀಗೆ ನಡುಗ್ತಾ ಓಡಾಡಿದ್ದಾನೆ. ಒಂದು ಗಂಟೆ ಕೆಲಸ. ನಾಚಿಕೆ ಆಗ್ಬೇಕು ಅವನಿಗೆ.”

ಎಂಜಿನ್ ತಣಿಸುವ ನೀರು, ಅಂದರೆ ಕೂಲೆಂಟ್, ನೋಡಿದ; ತುಂಬಿತ್ತು. ಎಂಜಿನ್ ಶುರುಮಾಡಿ ಕಾದ. ಇಪ್ಪತ್ತು ನಿಮಿಷವಾದರೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಳ ಬಿಟ್ಟು ಏಳಲಿಲ್ಲ. ಆಮೇಲೆ ರೇಡಿಯೇಟರಿನ ಮೇಲಿನ ಪೈಪನ್ನು ಮುಟ್ಟಿ, ನನ್ನ ಕೈಯನ್ನೂ ಎಳೆದು ಅದರ ಮೇಲಿಟ್ಟ. ಮಗುವಿನ ಸ್ನಾನದ ನೀರಿನ ಹಾಗೆ ಉಗುರುಬೆಚ್ಚಗಿತ್ತು.

“ಗೊತ್ತಾಯ್ತಾ? ಎಂಜಿನ್ ಕಾಯೋ ತನಕ ಈ ಪೈಪು ತಣ್ಣಗೆ ಇರಬೇಕು. ನೀರನ್ನ ಅಲ್ಲೀವರೆಗೂ ಒಳಗೇ ತಡೆದು ಇಟ್ಕೊಳ್ಳೋದೇ ಥರ್ಮೋಸ್ಟಾಟ್ ಕೆಲಸ. ಇಲ್ಲಿ ನೀರು ಮೊದಲಿಂದಲೇ ಹರೀತಾ ಇದೆ, ಅದಕ್ಕೇ ಎಂಜಿನ್ನೂ ಕಾಯಲ್ಲ, ಹೀಟರೂ ಕಾಯಲ್ಲ. ಥರ್ಮೋಸ್ಟಾಟ್ ಬಾಗಿಲು ತೆರೆದ ಹಾಗೇ ಸಿಕ್ಕಿಕೊಂಡಿದೆ. ಯಾವನೋ ಕತ್ತೆ ಅಗ್ಗದ ಮಾಲು ಹಾಕಿರ್ತಾನೆ.”

ಎಂಜಿನ್ ಆರಿದ ಮೇಲೆ ಕೆಳಗೆ ಬಕೆಟ್ ಇಟ್ಟು ಸ್ವಲ್ಪ ಕೂಲೆಂಟ್ ಇಳಿಸಿದ. ಪೈಪು ಸೇರುವ ಕಡೆಯ ಮುಚ್ಚಳಕ್ಕೆ ಎರಡೇ ಬೋಲ್ಟು. ಒಂದು ಸಲೀಸಾಗಿ ಬಂತು, ಇನ್ನೊಂದು ಬೈಸಿಕೊಂಡು ಬಂತು. ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟ.

ಒಳಗೆ ಏನೂ ಇರಲಿಲ್ಲ. ಥರ್ಮೋಸ್ಟಾಟ್ ಕೂರಬೇಕಾದ ದುಂಡನೆಯ ಜಾಗ ಖಾಲಿ.

“ಇಲ್ಲವೇ ಇಲ್ಲ! ತೆಗೆದು ಬಿಸಾಕಿದ್ದಾನೆ! ಯಾವ ಕತ್ತೆ...” ಎಂದವನು ಅಲ್ಲಿಗೇ ನಿಲ್ಲಿಸಿದ. ಟಾರ್ಚ್ ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು.

ಆ ಹೊತ್ತಿಗೆ ಕಾಫಿ ತಂದ ಆರ್ಡಿಸ್ ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಓ, ಇದಾ? ಇದು ನೀನೇ ಕಿತ್ತಿದ್ದಲ್ವಾ?”

ಆಮೇಲೆ ನನ್ನ ಕಡೆ ತಿರುಗಿದಳು.

“ಅದೇ, ಬಾರ್ಲಿ ಕೊಯ್ಲಲ್ಲಿ ಎಂಜಿನ್ ಕುದ್ದು ಗಾಡಿ ನಿಂತಿತ್ತಲ್ಲ ಅಣ್ಣ, ಆಗ. ಥರ್ಮೋಸ್ಟಾಟ್ ಮುಚ್ಚಿಕೊಂಡು ಬಿಟ್ಟಿದೆ ಅಂತ ಹೊಲದಲ್ಲೇ ಬಿಚ್ಚಿ ಕೂಳೆಯೊಳಕ್ಕೆ ಎಸೆದ. ಚಳಿಗೆ ಮುಂಚೆ ಹೊಸದು ಹಾಕ್ತೀನಿ ಅಂದ. ಮುಂದಿನ ವಾರ ಡೆಲ್ಮರನಿಗೆ ಮಾರಿಬಿಟ್ಟ.” ಲೋಟವನ್ನು ಬ್ಯಾಟರಿಯ ಮೇಲಿಟ್ಟಳು. “ಆರಿಹೋಗುತ್ತೆ, ಕುಡೀರಿ.”

ವರ್ಲಿನ್ ಕುಡಿಯಲಿಲ್ಲ. ಅಂಗಡಿಗೆ ಹೋಗಿ ಹೊಸ ಥರ್ಮೋಸ್ಟಾಟ್ ತಂದ. ಅಷ್ಟು ಸಾಲದೆಂದು ಆರ್ಡಿಸ್‌ಳ ಜಾಮ್ ಪಾತ್ರೆಯಲ್ಲಿ ನೀರನ್ನು ಒಲೆಗಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟು ಪರೀಕ್ಷಿಸಿದ. ನೀರು ಕುದಿಯುವುದಕ್ಕೆ ತುಸು ಮುಂಚೆ ಅದು ಬಾಯಿ ಬಿಟ್ಟಿತು, ತಣ್ಣಗಾದಾಗ ಮುಚ್ಚಿಕೊಂಡಿತು. ಮತ್ತೆ ಇಟ್ಟ, ಮತ್ತೆ ನೋಡಿದ. ಇಷ್ಟು ಶ್ರದ್ಧೆಯಿಂದ ಅವನು ಪ್ರಾರ್ಥನೆ ಮಾಡಿದ್ದನ್ನೂ ನಾನು ಕಂಡಿಲ್ಲ. ಮುಚ್ಚಳ ಸೋರದಂತೆ ತಡೆಯುವ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು ತೆಗೆದು, ಸ್ಪ್ರಿಂಗ್ ಎಂಜಿನ್ ಕಡೆಗೆ ಬರುವಂತೆ ಕೂರಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದ. ಕೂಲೆಂಟ್ ತುಂಬಿ, ಗಾಳಿಯ ಗುಳ್ಳೆಗಳು ನಿಲ್ಲುವವರೆಗೂ ಎಂಜಿನ್ ಓಡಿಸಿದ. ಈ ಸಲ ಮುಳ್ಳು ಮೇಲಕ್ಕೆದ್ದು ನಡುವೆ ನಿಂತಿತು. ಹೀಟರಿನಿಂದ ಒಲೆಯ ಮುಂದೆ ನಿಂತಾಗಿನಂಥ ಬಿಸಿಗಾಳಿ ಬಂತು.

“ಭೇಷ್ ಭಾವ!” ಎಂದೆ.

“ಬಾಯ್ಮುಚ್ಚು” ಎಂದ. “ಗಾಡಿ ಹತ್ತು. ಡೆಲ್ಮರ್ ಮನೆಗೆ ಹೋಗ್ಬೇಕು.”

ಡೆಲ್ಮರ್ ನಮ್ಮನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ಕಾಫಿ ಬಗ್ಗಿಸಿದ, ಬೆಣ್ಣೆ ಸಕ್ಕರೆ ಸವರಿದ ಆಲೂಗಡ್ಡೆ ರೊಟ್ಟಿ ಕೊಟ್ಟ. ವರ್ಲಿನ್ ಮುಕ್ಕಾಲು ಗಂಟೆ ಹಿಮಗಾಳಿಯ ಬಗ್ಗೆ, ಹೊಸ ಪಾದ್ರಿಯ ಬಗ್ಗೆ, ಯಾರದೋ ಹಂದಿಗಳ ಬಗ್ಗೆ ಮಾತಾಡಿದ. ಆಮೇಲೆ ರೊಟ್ಟಿಗೆ ಹೇಳುವವನ ಹಾಗೆ ತಟ್ಟೆ ನೋಡಿಕೊಂಡು ಹೇಳಿದ:

“ಡೆಲ್ಮರ್, ಆ ಗಾಡಿಗೆ ಥರ್ಮೋಸ್ಟಾಟೇ ಇರ್ಲಿಲ್ಲ. ನಾನೇ ಕಿತ್ತಿದ್ದೆ. ಮಾರುವಾಗ ಮರೆತೆ.”

“ಗೊತ್ತು” ಎಂದ ಡೆಲ್ಮರ್.

“ಏನು ಗೊತ್ತು?”

“ಮೊದಲನೇ ನವೆಂಬರ್‌ನಲ್ಲೇ ಬಿಚ್ಚಿ ನೋಡಿದೆ. ಇರ್ಲಿಲ್ಲ. ಮುಚ್ಚಿಟ್ಟೆ.”

“ಅಯ್ಯೋ ಪುಣ್ಯಾತ್ಮ, ಒಂದು ಹೊಸದು ಹಾಕೋಕೆ ಏನಾಗಿತ್ತು ನಿನಗೆ?”

“ಮಾರಿದವನು ಹೇಳ್ಬೇಕು. ನೀನಾಗಿ ಹೇಳ್ತೀಯ ಅಂತ ಕಾದೆ.”

“ಹತ್ತೊಂಬತ್ತು ವರ್ಷ?”

ಡೆಲ್ಮರ್ ಯೋಚಿಸಿದ. “ಮೊದಲ ಎರಡು ವರ್ಷ ಕಷ್ಟ ಆಯ್ತು. ಆಮೇಲೆ ನೀನು ಕೆಫೆಯಲ್ಲಿ ನಕ್ಕಾಗಲೆಲ್ಲ ನನಗೆ ಒಂಥರಾ ಬೆಚ್ಚಗಾಗ್ತಿತ್ತು.”

ವರ್ಲಿನನ ಕಿವಿಗಳು ಕೆಂಪಾದವು. ಅವನು ಎದ್ದು ಟೋಪಿ ಹಾಕಿಕೊಂಡ. ಜಗಳವೇ ಆಗುತ್ತದೆಂದು ನಾನೂ ಎದ್ದೆ. ಆದರೆ ಅವನು ಬಾಗಿಲ ಹಿಂದೆ ತೂಗುಹಾಕಿದ್ದ ಡೆಲ್ಮರನ ಕೋಟು ತೆಗೆದು ಅವನ ತೊಡೆಯ ಮೇಲೆ ಹಾಕಿದ.

“ಏಳು. ಒಂದು ಸುತ್ತು ಹೋಗಿ ಬರೋಣ.”

ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತೆವು: ಓಡಿಸಲು ವರ್ಲಿನ್, ನಡುವೆ ಡೆಲ್ಮರ್, ಕಿಟಕಿಗೆ ನಾನು. ವರ್ಲಿನ್ ಹೀಟರನ್ನು ಕೊನೆಯವರೆಗೂ ತಿರುಗಿಸಿದ. ಎರಡು ಮೈಲಿ ಹೋಗುವಷ್ಟರಲ್ಲಿ ಡೆಲ್ಮರ್ ಕೋಟಿನ ಗುಂಡಿ ಬಿಚ್ಚಿದ. ಮೂರನೆಯ ಮೈಲಿಗೆ ಟೋಪಿ ತೆಗೆದ. ಹಣೆಯ ಮೇಲೆ ಬೆವರು ಮೂಡಿತ್ತು.

“ಹೇಗಿದೆ?” ಎಂದು ವರ್ಲಿನ್ ಕೇಳಿದ. ದನಿಯಲ್ಲಿ ಅಂಗಲಾಚುವಿಕೆಯಿತ್ತು.

“ಚೆನ್ನಾಗಿದೆ” ಎಂದ ಡೆಲ್ಮರ್. “ಗೇಲನ್‌ಗೆ ಸ್ವಲ್ಪ ಕಿಟಕಿ ಇಳಿಸೋಕೆ ಹೇಳ್ತೀಯಾ? ಇಷ್ಟು ಸೆಕೆ ನನಗೆ ಆಗಿ ಬರಲ್ಲ.”

ವರ್ಲಿನ್ ನನ್ನ ಕಡೆ ನೋಡಿದ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅವರಿಬ್ಬರ ಪಾಪಪುಣ್ಯದಲ್ಲಿ ನನ್ನ ಪಾಲೇನೂ ಇರಲಿಲ್ಲ. ಆದರೂ ಕಿಟಕಿ ನನ್ನ ಪಕ್ಕದಲ್ಲಿತ್ತು; ಇಳಿಸಿದೆ.